ಆಟಕ್ಕೆ ಒಬ್ಬರು ಕಡಿಮೆ ಇದ್ದರು

ಗಂಡನಿಗೆ ಮೆಕ್ಸಿಕೋಗೆ ವರ್ಗವಾದದ್ದು 2018ರಲ್ಲಿ. ಊರು ಗ್ವಾದಲಹಾರ, ಹಲಿಸ್ಕೊ ರಾಜ್ಯದ ರಾಜಧಾನಿ. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿರುವುದರಿಂದ ಬೆಂಗಳೂರಿನವರಿಗೆ ಅಲ್ಲಿನ ಹವೆ ಪರಕೀಯ ಅನ್ನಿಸುವುದಿಲ್ಲ. ಕಂಪ್ಯೂಟರ್ ಕಂಪನಿಗಳು ನೆಲೆಯೂರಿರುವ ಊರು, ಹಾಗಾಗಿ ಭಾರತದವರೂ ಸಾಕಷ್ಟು ಮಂದಿ ಇದ್ದಾರೆ. ಹೊರಡುವುದು ಖಚಿತವಾದ ಮೇಲೆ ಮನೆಗೆ ಬಂದವರೆಲ್ಲ ಮಗಳ ತಲೆ ಸವರಿ ಒಂದೇ ಮಾತು ಹೇಳುತ್ತಿದ್ದರು: "ಮಕ್ಕಳಿಗೇನು, ಮೂರು ತಿಂಗಳಲ್ಲಿ ಕಲಿತುಬಿಡ್ತಾವೆ. ಕಷ್ಟ ಏನಿದ್ರೂ ನಿಮಗೇ." ಆಗ ಅವಳಿಗೆ ಆರು ವರ್ಷ. ಕನ್ನಡ ಅರಳು ಹುರಿದಂತೆ ಆಡುತ್ತಿದ್ದಳು, ಶಾಲೆಯ ಇಂಗ್ಲಿಷ್ ಒಂದಿಷ್ಟು ಬರುತ್ತಿತ್ತು. ಸ್ಪ್ಯಾನಿಷ್ ಮಾತ್ರ ಒಂದಕ್ಷರವೂ ಗೊತ್ತಿರಲಿಲ್ಲ.

ಕಲಿತಳು, ಬೇಗನೇ ಕಲಿತಳು. ಆದರೂ 'ಮಕ್ಕಳಿಗೇನು' ಎಂಬ ಆ ಮಾತನ್ನು ನಾನು ಒಪ್ಪಲಾರೆ. ಮಗುವನ್ನು ಒಂದು ಭಾಷೆಯ ನಡುವೆ ತಂದು ನಿಲ್ಲಿಸಿದ ಮಾತ್ರಕ್ಕೆ ಅದು ಬಂದುಬಿಡುವುದಿಲ್ಲ. ಅದೇ ಊರಿನಲ್ಲಿ ವರ್ಷಗಟ್ಟಲೆ ಇದ್ದೂ 'ಓಲಾ', 'ಗ್ರಾಸಿಯಾಸ್' ದಾಟದ ಮಕ್ಕಳನ್ನು ನೋಡಿದ್ದೇನೆ. ಅವರಿಗೆ ಬುದ್ಧಿ ಕಡಿಮೆ ಇರಲಿಲ್ಲ. ಬೆಳಿಗ್ಗೆ ಇಂಗ್ಲಿಷ್ ಶಾಲೆ, ಮಧ್ಯಾಹ್ನ ಕಾರಿನಲ್ಲಿ ಮನೆ, ಸಂಜೆ ಟ್ಯಾಬ್, ಶನಿವಾರ ಭಾನುವಾರ ನಮ್ಮವರ ಮನೆಗಳಲ್ಲಿ ಊಟ. ಸುತ್ತ ಐವತ್ತು ಲಕ್ಷ ಜನ ಸ್ಪ್ಯಾನಿಷ್ ಆಡುತ್ತಿದ್ದರೂ ಅವರಲ್ಲಿ ಒಬ್ಬರಿಗೂ ಈ ಮಗುವಿನಿಂದ ಏನೂ ಆಗಬೇಕಿರಲಿಲ್ಲ. ಮಗುವಿಗೂ ಅವರಿಂದ ಏನೂ ಬೇಕಿರಲಿಲ್ಲ. ಹಾಗಿದ್ದಲ್ಲಿ ಭಾಷೆ ಎಲ್ಲಿಂದ ಬರಬೇಕು?

ನಾವು ಆರಿಸಿದ್ದು ಮನೆಗೆ ನಡೆದುಹೋಗುವ ದೂರದಲ್ಲಿದ್ದ, ಸ್ಪ್ಯಾನಿಷ್ ಮಾಧ್ಯಮದ ಒಂದು ಸಣ್ಣ ಶಾಲೆ. ಅಲ್ಲಿ ಪ್ರಾಥಮಿಕ ಶಾಲೆಗೆ ಪ್ರಿಮಾರಿಯಾ ಎನ್ನುತ್ತಾರೆ, ಆರು ವರ್ಷದ ಓದು. ಆಗಸ್ಟ್ ಕೊನೆಗೆ ಶುರು. ಸೋಮವಾರ ಬೆಳಿಗ್ಗೆ ಧ್ವಜವಂದನೆ, ಬಿಳಿ ಸಮವಸ್ತ್ರ. ಸರಕಾರದ ಪಠ್ಯಪುಸ್ತಕಗಳನ್ನು ಪುಕ್ಕಟೆ ಕೊಡುತ್ತಾರೆ. 1959ರಿಂದ ನಡೆದುಬಂದ ಪದ್ಧತಿ ಅದು, ಖಾಸಗಿ ಶಾಲೆಯ ಮಕ್ಕಳಿಗೂ ಅವೇ ಪುಸ್ತಕ. ಊಟದ ಹೊತ್ತಿಗೆ ಶಾಲೆ ಬಿಡುತ್ತದೆ, ಮಧ್ಯಾಹ್ನವೆಲ್ಲ ಖಾಲಿ. ನಮಗೆ ಸಹಾಯಕ್ಕೆ ಬಂದದ್ದು ಶಾಲೆಗಿಂತ ಹೆಚ್ಚಾಗಿ ಆ ಖಾಲಿ ಮಧ್ಯಾಹ್ನಗಳು.

ಮೊದಲ ಕೆಲವು ವಾರ ಅವಳು ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಬೆಂಗಳೂರಿನಲ್ಲಿ ಟೀಚರಿಂದ 'ತುಂಬ ಮಾತು' ಎಂಬ ದೂರು ತರುತ್ತಿದ್ದವಳು ಇಲ್ಲಿ ಮೂಲೆಯ ಬೆಂಚಿನಲ್ಲಿ ಕೂತು ಎಲ್ಲರ ಮುಖ ನೋಡುತ್ತಿದ್ದಳಂತೆ. ಬೇರೆಯವರು ಪುಸ್ತಕ ತೆಗೆದರೆ ತಾನೂ ತೆಗೆಯುವುದು, ಸಾಲು ನಿಂತರೆ ತಾನೂ ನಿಲ್ಲುವುದು, ಅಷ್ಟೇ. ಅವಳ ಟೀಚರು ಮಾತ್ರ ಒಂದಿಷ್ಟೂ ಗಾಬರಿಯಾಗಲಿಲ್ಲ. "ಬಿಡಿ ಸೆನ್ಯೋರಾ, ಅವಳು ಕೇಳಿಸಿಕೊಳ್ತಾ ಇದ್ದಾಳೆ" ಎಂದರು. ಎರಡನೆಯ ಭಾಷೆಗೆ ಬೀಳುವ ಮಕ್ಕಳಿಗೆ ಇಂಥ ಮೌನದ ಕಾಲ ಸಹಜ, ಆಗ ಬಲವಂತದಿಂದ ಮಾತಾಡಿಸಬಾರದು ಎಂದು 1980ರ ದಶಕದಲ್ಲಿ ಸ್ಟೀಫನ್ ಕ್ರಾಶನ್ ಎಂಬ ಭಾಷಾವಿಜ್ಞಾನಿ ಬರೆದದ್ದನ್ನು ಆಮೇಲೆ ಓದಿದೆ. ಟೀಚರಿಗೆ ಅದು ಓದದೆಯೇ ಗೊತ್ತಿತ್ತು. ಮನೆಯಲ್ಲೂ ನಾವು "ಇವತ್ತು ಏನು ಕಲಿತೆ, ಒಂದು ಹೇಳು" ಎಂದು ಕೇಳುತ್ತಿರಲಿಲ್ಲ. ಊಟ ಮಾಡಿದಳೇ, ಆಡಿದಳೇ ಎಂದಷ್ಟೇ ಕೇಳುತ್ತಿದ್ದೆವು.

ಮೌನ ಮುರಿದದ್ದು ಶಾಲೆಯಲ್ಲಲ್ಲ, ಮನೆಯ ಮುಂದಿನ ಓಣಿಯಲ್ಲಿ. ಗ್ವಾದಲಹಾರಕ್ಕೆ ಅಂಟಿಕೊಂಡ ಸಪೋಪನ್‌ನಲ್ಲಿ ನಮ್ಮ ಮನೆ. ಒಂದೇ ಗೇಟಿನೊಳಗೆ ಸಾಲು ಮನೆಗಳು, ನಡುವೆ ವಾಹನಗಳ ಕಾಟವಿಲ್ಲದ ಒಂದು ಬೀದಿ. ಇಂಥದಕ್ಕೆ ಅಲ್ಲಿ 'ಕೋತೊ' ಎನ್ನುತ್ತಾರೆ. ಬಿಸಿಲು ಇಳಿಯುತ್ತಲೇ ಮಕ್ಕಳು ಬೀದಿಗಿಳಿದು 'ಕೆಮಾದೋಸ್' ಆಡುತ್ತಿದ್ದರು. ಎರಡು ತಂಡ, ನಡುವೆ ಗೆರೆ, ಚೆಂಡು ತಾಗಿದವರು ಔಟು. ಎರಡೂ ಕಡೆ ಸಮ ಇರಬೇಕು. ಒಂದು ಸಂಜೆ ಅವರಿಗೆ ಒಬ್ಬರು ಕಡಿಮೆ ಬಿದ್ದರು. ಮೂರನೆಯ ಮನೆಯ ಹುಡುಗಿ, ನಮ್ಮವಳ ವಾರಗೆಯವಳೇ, ಬಾಗಿಲಿಗೆ ಬಂದು ಏನೋ ಕೇಳಿದಳು. ನನಗೆ ಅರ್ಥವಾಗಲಿಲ್ಲ. ಅವಳು ಅರ್ಥವಾಗಲೆಂದು ಕಾಯಲೂ ಇಲ್ಲ. ಮಗಳ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ ಗೆರೆಯ ಆಚೆ ನಿಲ್ಲಿಸಿದಳು. ಭಾಷೆ ಬರುತ್ತದೋ ಇಲ್ಲವೋ ಯಾರೂ ವಿಚಾರಿಸಲಿಲ್ಲ. ಚೆಂಡು ಹಿಡಿಯಲು ಬಂದರೆ ಸಾಕಾಗಿತ್ತು. ಆಟ ಮುಗಿದ ಮೇಲೆ ಒಬ್ಬ ಹುಡುಗ ಅವಳಿಗೆ "ಚೀವಾಸ್? ಆತ್ಲಾಸ್?" ಎಂದು ಕೇಳಿದ. ಆ ಊರಿನ ಎರಡು ಫುಟ್‌ಬಾಲ್ ತಂಡಗಳು ಅವು. ಅಲ್ಲಿನವರ ಜಾತಿ ತಿಳಿಯುವ ಪ್ರಶ್ನೆ ಎಂದರೆ ಅದೇ. ಅವಳಿಗೆ ಎರಡೂ ಗೊತ್ತಿಲ್ಲ. ಕೊನೆಗೆ ಕೇಳಿದ್ದನ್ನೇ "ಆತ್ಲಾಸ್" ಎಂದಳು. ಅರ್ಧ ಗುಂಪು ಹೋ ಎಂದು ಕುಣಿಯಿತು, ಉಳಿದರ್ಧ ಛೀಮಾರಿ ಹಾಕಿತು. ಇವಳು ಅಂದಿನಿಂದ ಆತ್ಲಾಸ್.

ಆಟದಿಂದ ಮನೆಗೆ ಬಂದ ಮೊದಲ ಸ್ಪ್ಯಾನಿಷ್ ಎಂದರೆ 'ಮೆ ತೋಕಾ', ಈಗ ನನ್ನ ಸರದಿ ಎಂದು. ಆಮೇಲೆ 'ನೋ ಸೆ ವಾಲೆ', ಇದು ಅನ್ಯಾಯ, ಲೆಕ್ಕಕ್ಕಿಲ್ಲ ಎನ್ನುವುದು. ಕಣ್ಣಾಮುಚ್ಚಾಲೆಯಲ್ಲಿ ಓಡಿಬಂದು ಗೋಡೆ ಮುಟ್ಟಿ ಕೂಗುವ 'ಉನ್, ದೋಸ್, ತ್ರೆಸ್ ಪೋರ್ ಮೀ' ಮೂರನೆಯದು. ಬಿಡಿಬಿಡಿ ಪದಗಳ ಅರ್ಥ ಅವಳಿಗೆ ಗೊತ್ತಿರಲಿಲ್ಲ. ಯಾವ ಹೊತ್ತಿಗೆ ಕೂಗಿದರೆ ಏನಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು. ಕೆಲವು ದಿನ ಕಳೆದ ಮೇಲೆ ಅಪ್ಪ ಸ್ನಾನಕ್ಕೆ ಹೋಗದೆ ಕೂತಿದ್ದಾಗ 'ತೆ ತೋಕಾ' ಎಂದಳು. ಯಾರೂ ಹೇಳಿಕೊಡದೆ 'ಮೆ' ತೆಗೆದು 'ತೆ' ಹಾಕಿದ್ದಳು. ಮರುವಾರ 'ನೋ ತೆ ತೋಕಾ' ಬಂತು. ಇಡಿಯಾಗಿ ನುಂಗಿದ ವಾಕ್ಯವನ್ನು ಒಳಗೇ ಬಿಚ್ಚಿ, ತುಂಡುಗಳನ್ನು ಬೇರೆ ಕಡೆ ಜೋಡಿಸುವ ಈ ಕೆಲಸ ನಮ್ಮ ಕಣ್ಣೆದುರೇ ನಡೆಯಿತು. ವ್ಯಾಕರಣ ಅಂದರೆ ಅಷ್ಟೇ ತಾನೇ.

ಲಿಲಿ ವಾಂಗ್ ಫಿಲ್ಮೋರ್ ಎಂಬ ವಿದ್ವಾಂಸೆ 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನೇ ಇನ್ನೊಂದು ದಿಕ್ಕಿನಿಂದ ನೋಡಿದ್ದರು. ಸ್ಪ್ಯಾನಿಷ್ ಮನೆಮಾತಿನ ಐದು ಮಕ್ಕಳು ಇಂಗ್ಲಿಷ್ ಕಲಿಯುವುದನ್ನು ಹತ್ತಿರದಿಂದ ಗಮನಿಸಿ 1976ರಲ್ಲಿ ಮಹಾಪ್ರಬಂಧ ಬರೆದರು. ಮುಂದೆ ಹೋದ ಮಕ್ಕಳು ಮಾಡಿದ್ದು ಇಷ್ಟು: ಗುಂಪಿನೊಳಗೆ ಹೋಗಿ, ಅರ್ಥವಾಗದಿದ್ದರೂ ಆದವರಂತೆ ನಡೆದುಕೊಂಡರು. ಕೈಗೆ ಸಿಕ್ಕ ನಾಲ್ಕು ಮಾತುಗಳನ್ನು ಎಲ್ಲದಕ್ಕೂ ಬಳಸಿದರು. ಉಳಿದದ್ದನ್ನು ಗೆಳೆಯರು ನೋಡಿಕೊಳ್ಳುತ್ತಾರೆ ಎಂದು ನಂಬಿದರು. ಅವರಿಗೆ ಭಾಷೆ ಗುರಿಯಾಗಿರಲಿಲ್ಲ, ಜೊತೆ ಗುರಿಯಾಗಿತ್ತು. ಐವರಲ್ಲೂ ಒಂದೇ ವೇಗ ಇರಲಿಲ್ಲ. ಎಲ್ಲರಿಗಿಂತ ಬೇಗ ಕಲಿತವಳು ಎಲ್ಲರೊಡನೆ ಬೆರೆಯುವ ಹುಡುಗಿ.

ಆ ಜೊತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಪಾಠಗಳನ್ನೆಲ್ಲ ಹೊಸ ಭಾಷೆಯಲ್ಲೇ ಮಾಡುವ 'ಇಮ್ಮರ್ಷನ್' ಎಂಬ ಹೆಸರಿನ ಶಾಲಾಶಿಕ್ಷಣ ಪ್ರಸಿದ್ಧವಾದದ್ದು ಕೆನಡಾದ ಮಾಂಟ್ರಿಯಲ್ ಪಕ್ಕದ ಸೇಂಟ್ ಲ್ಯಾಂಬರ್ಟ್‌ನಿಂದ. 1965ರಲ್ಲಿ ಅಲ್ಲಿನ ಇಂಗ್ಲಿಷ್ ಮನೆಮಾತಿನ ಪೋಷಕರು ಹಟಹಿಡಿದು ತಮ್ಮ ಮಕ್ಕಳಿಗೆ ಪೂರ್ತಿ ಫ್ರೆಂಚಿನಲ್ಲಿ ಪಾಠ ಮಾಡಿಸಿದರು. ಮಕ್ಕಳು ಫ್ರೆಂಚನ್ನು ಅಲ್ಲಿನವರಷ್ಟೇ ಚೆನ್ನಾಗಿ ಅರ್ಥಮಾಡಿಕೊಳ್ಳುವಂತಾದರು. ಮಾತು ಮಾತ್ರ ಅಷ್ಟು ತಿದ್ದಿಕೊಳ್ಳಲಿಲ್ಲ ಎಂದು ಇಂಥ ಮಕ್ಕಳನ್ನು ಗಮನಿಸಿದ ಮೆರಿಲ್ ಸ್ವೇನ್ 1985ರಲ್ಲಿ ಬರೆದರು. ಕೇಳಿದರೆ ಸಾಲದು, ಆಡಬೇಕಾದ ಒತ್ತಡವೂ ಬೇಕು ಎಂಬುದು ಅವರ ವಾದ. ತರಗತಿಯಲ್ಲಿ ಫ್ರೆಂಚ್ ಆಡುತ್ತಿದ್ದವರು ಟೀಚರೊಬ್ಬರೇ. ಬಿಡುವಿನಲ್ಲಿ ಜಗಳಕ್ಕೆ ನಿಲ್ಲಲು ಫ್ರೆಂಚ್ ಮಾತಿನ ಮಗು ಒಂದೂ ಇರಲಿಲ್ಲ. ಜಗಳವಾಡದೆ ಯಾವ ಭಾಷೆ ಹರಿತವಾದೀತು?

ಇದು ನನಗೆ ಪುಸ್ತಕದಿಂದ ಮಾತ್ರ ತಿಳಿದದ್ದಲ್ಲ. ನಾನು ಬೆಳೆದದ್ದು ಭದ್ರಾವತಿಯಲ್ಲಿ. ಒಂದು ಕಡೆ ಕಬ್ಬಿಣದ ಕಾರ್ಖಾನೆ, ಇನ್ನೊಂದು ಕಡೆ ಕಾಗದದ ಕಾರ್ಖಾನೆ. ಕೆಲಸಕ್ಕೆ ಬಂದ ತಮಿಳರು, ತೆಲುಗರು, ಉರ್ದು ಮಾತಿನವರು ಒಂದೇ ಕ್ವಾರ್ಟರ್ಸ್ ಸಾಲಿನಲ್ಲಿದ್ದರು. ಲಗೋರಿಯಲ್ಲಿ ನಮ್ಮ ಎದುರು ತಂಡದವರು ತಮಿಳಿನಲ್ಲಿ ಸಂಚು ಹೂಡುತ್ತಿದ್ದರು, ಅದು ಗೊತ್ತಾಗದಿದ್ದರೆ ಸೋಲು ಖಂಡಿತ. ಹಾಗೆ ಕಲಿತ ತಮಿಳು ಅದು. ಯಾರೂ ಅದನ್ನು ಕಲಿಕೆ ಎಂದು ಕರೆಯಲಿಲ್ಲ, ಅಮ್ಮನಿಗೆ ಗೊತ್ತೂ ಇರಲಿಲ್ಲ. ಗ್ವಾದಲಹಾರದಲ್ಲಿ ಮಗಳ ಬಗ್ಗೆ ನಾನು ಹೆಚ್ಚು ತಲೆಕೆಡಿಸಿಕೊಳ್ಳದೆ ಇರಲು ಸಾಧ್ಯವಾದದ್ದು ಆ ಕ್ವಾರ್ಟರ್ಸಿನಿಂದ.

ಹಾಗೆಂದು ನಾವು ಕೈಕಟ್ಟಿ ಕೂರಲಿಲ್ಲ. ನಮ್ಮ ಕೆಲಸ ಭಾಷೆ ಕಲಿಸುವುದಲ್ಲ, ಜನರನ್ನೂ ಹೊತ್ತನ್ನೂ ಹೊಂದಿಸುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದೆವು. ಸಂಜೆಯ ಆ ಹೊತ್ತಿಗೆ ಚಿತ್ರಕಲೆ, ಸಂಗೀತ, ಈಜು ಯಾವ ಕ್ಲಾಸೂ ಬೇಡ ಎಂಬುದು ಮೊದಲ ತೀರ್ಮಾನ. ನಮ್ಮವರ ಮನೆಯ ಊಟ ತಿಂಗಳಿಗೊಮ್ಮೆ ಸಾಕು ಎಂಬುದು ಎರಡನೆಯದು. ಒಂದಿಬ್ಬರು ಬೇಜಾರೂ ಮಾಡಿಕೊಂಡರು. ಮೂರನೆಯ ಮನೆಯ ಹುಡುಗಿಯ ಅಜ್ಜಿಯ ಸ್ನೇಹ ಸಂಪಾದಿಸಿದ್ದು ನನ್ನ ಪಾಲಿನ ದೊಡ್ಡ ಸಾಧನೆ. ನನ್ನ ಮುರುಕು ಸ್ಪ್ಯಾನಿಷ್, ಅವರ ಕೈಸನ್ನೆ, ನಡುವೆ ನಾನು ಒಯ್ದ ಚಿತ್ರಾನ್ನ. ಆಮೇಲೆ ವಾರದಲ್ಲಿ ಕೆಲವು ಮಧ್ಯಾಹ್ನ ಮಗಳು ಅವರ ಮನೆಯಲ್ಲೇ.

ಅಲ್ಲಿ ಲೋತೆರಿಯಾ ನಡೆಯುತ್ತಿತ್ತು. ನಮ್ಮ ತಂಬೋಲಾದಲ್ಲಿ ಅಂಕಿ ಕೂಗಿದರೆ ಇದರಲ್ಲಿ ಚಿತ್ರ ಕೂಗುತ್ತಾರೆ. 54 ಎಲೆ: ಹುಂಜ, ಏಣಿ, ಕೊಡೆ, ಕಲ್ಲಂಗಡಿ, ಕಪ್ಪೆ, ಜೇಡ, ಮತ್ಸ್ಯಕನ್ಯೆ, ಚಂದ್ರ, ದೆವ್ವ, ಸಾವು. ಒಬ್ಬೊಬ್ಬರ ಮುಂದೆ ಹದಿನಾರು ಚಿತ್ರದ ಹಲಗೆ, ಗುರುತಿಗೆ ಒಣ ಬೀನ್ಸ್ ಕಾಳು. ಅಜ್ಜಿ ಎಲೆ ಎತ್ತಿ ಬರೀ ಹೆಸರು ಹೇಳುತ್ತಿರಲಿಲ್ಲ, ಒಂದೊಂದಕ್ಕೂ ಒಂದು ಚೇಷ್ಟೆಯ ಮಾತು ಸೇರಿಸುತ್ತಿದ್ದರು. ಅದು ಪ್ರತಿ ಸಲ ಅದೇ ಮಾತು, ಅದೇ ರಾಗ. ಅದಕ್ಕೇ ಮಕ್ಕಳಿಗೆ ಇಷ್ಟ, ಅದಕ್ಕೇ ಕಿವಿಗೆ ಕೂತುಬಿಡುತ್ತಿತ್ತು. ಸ್ವಲ್ಪ ಕಾಲಕ್ಕೆ ಎಲೆ ಎತ್ತುವ ಅಧಿಕಾರವನ್ನು ನಮ್ಮವಳೇ ಕಸಿದುಕೊಂಡಳು. ಊಟಕ್ಕೆ ಮುಂಚೆ ಅಜ್ಜಿ ಇಬ್ಬರು ಹುಡುಗಿಯರನ್ನೂ ತೋರ್ತಿಯಾ ಅಂಗಡಿಗೆ ಕರೆದೊಯ್ದು, ತಾವು ಹೊರಗೆ ನಿಂತು, ಇವಳ ಕೈಗೇ ಚಿಲ್ಲರೆ ಕೊಟ್ಟು "ಅರ್ಧ ಕಿಲೋ ಕೇಳು" ಎಂದು ಕಳಿಸುತ್ತಿದ್ದರು. ಬಿಸಿ ತೋರ್ತಿಯಾದ ಪೊಟ್ಟಣದಲ್ಲಿ ಒಂದನ್ನು ದಾರಿಯಲ್ಲೇ ಉಪ್ಪು ಸವರಿ ತಿನ್ನುವುದು ಕೂಲಿ. ಟಿವಿಯಲ್ಲಿ 'ಎಲ್ ಚಾವೊ ದೆಲ್ ಓಚೊ' ನೋಡುತ್ತಿದ್ದರು. 1970ರ ದಶಕದ ಹಳೆಯ ಹಾಸ್ಯ ಧಾರಾವಾಹಿ, ಒಂದು ವಠಾರದ ಕಥೆ. ಪಾತ್ರಗಳು ಪ್ರತಿ ಸಲ ಅದೇ ಮಾತು ಆಡುತ್ತವೆ, ಮುಂದೇನು ಬರುತ್ತದೆಂದು ಮಕ್ಕಳಿಗೆ ಮೊದಲೇ ಗೊತ್ತು. ಅಜ್ಜಿ, ಮೊಮ್ಮಗಳು, ಇವಳು ಮೂವರೂ ಒಟ್ಟಿಗೆ ಕೂತು ಒಟ್ಟಿಗೆ ನಗುತ್ತಿದ್ದರು.

ಕನ್ನಡದ ಮಗುವಿಗೆ ಸ್ಪ್ಯಾನಿಷ್‌ನಲ್ಲಿ ಕೆಲವು ಅನುಕೂಲಗಳಿವೆ. ಇಂಗ್ಲಿಷ್ ದಾರಿಯಿಂದ ಹೋದ ನಾವು ದೊಡ್ಡವರು 'ಟಾಕೋ' ಎನ್ನುತ್ತಿದ್ದೆವು; ಅವಳು ಕಿವಿಗೆ ಬಿದ್ದಂತೆ 'ತಾಕೋ' ಎಂದಳು. ಆ ತ, ದ, ಆ ಐದು ಸ್ವರ ಎಲ್ಲ ಅವಳ ಬಾಯಲ್ಲಿ ಆಗಲೇ ಇದ್ದವು. ಕರ್ತೃ ಬಿಟ್ಟು ಬರೀ ಕ್ರಿಯಾಪದದಲ್ಲಿ 'ಬಂದೆ', 'ಹೋದಳು' ಎನ್ನುವ ನಮ್ಮ ಅಭ್ಯಾಸ ಅಲ್ಲಿಯೂ ಇದೆ. ನನಗೆ ತಲೆ ನೋಯುತ್ತಿದೆ, ನನಗೆ ಇದು ಇಷ್ಟ ಎಂದು 'ನನಗೆ'ಯಿಂದ ಶುರುಮಾಡುವ ವಾಕ್ಯಗಳನ್ನು ಅಲ್ಲಿನವರೂ ಹಾಗೆಯೇ ಕಟ್ಟುತ್ತಾರೆ. ನಾನು ಮೊಬೈಲಿನ ಪಾಠದಲ್ಲಿ ಇಂಗ್ಲಿಷಿನ ಮೂಲಕ ಅದನ್ನು ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದಾಗ ಅವಳು ತಿಂಡಿ ಕೇಳಲು ಅದನ್ನು ಬಳಸಿ ಮುಗಿಸಿದ್ದಳು. ಕಷ್ಟವಾದದ್ದು ಲಿಂಗ. ಮೇಜು ಹೆಣ್ಣು, ಪುಸ್ತಕ ಗಂಡು ಎಂದರೆ, ವಸ್ತುಗಳನ್ನೆಲ್ಲ 'ಅದು' ಎಂದುಕೊಂಡು ಬೆಳೆದ ಮಗುವಿಗೆ ತಲೆಬುಡ ತಿಳಿಯದು. ಬಹಳ ಕಾಲ ಅಲ್ಲಿ ಎಡವುತ್ತಿದ್ದಳು.

ಒಂದು ದಿನ 'ನನಗೆ ಗೊತ್ತು' ಎನ್ನಲು 'ಯೊ ಸೆ' ಎನ್ನುವ ಬದಲು 'ಯೊ ಸಾಬೊ' ಎಂದಳು. ನಿಯಮದಂತೆ ಹೋದರೆ ಹಾಗೇ ಆಗಬೇಕು, ಆದರೆ ಆ ಕ್ರಿಯಾಪದ ನಿಯಮಕ್ಕೆ ಬಗ್ಗುವುದಿಲ್ಲ. ಅಜ್ಜಿ ಬಿದ್ದು ಬಿದ್ದು ನಕ್ಕು, ತಮ್ಮ ಮೊಮ್ಮಗನೊಬ್ಬನೂ ಮೂರು ವರ್ಷದವನಿದ್ದಾಗ ಹೀಗೇ ಅನ್ನುತ್ತಿದ್ದ ಎಂದರು. ನನಗೆ ಅದಕ್ಕಿಂತ ಒಳ್ಳೆಯ ಪ್ರಗತಿ ಪತ್ರ ಬೇಕಿರಲಿಲ್ಲ. ಅವಳ ತಪ್ಪುಗಳು ಕನ್ನಡದವರ ತಪ್ಪುಗಳಾಗಿ ಉಳಿಯದೆ ಅಲ್ಲಿನ ಮಕ್ಕಳ ತಪ್ಪುಗಳಾಗಿದ್ದವು.

ವರ್ಷ ತಿರುಗುವ ಹೊತ್ತಿಗೆ ಬೀದಿಯಲ್ಲಿ ಅವಳನ್ನು ಬೇರೆಯವಳೆಂದು ಧ್ವನಿಯಿಂದ ಗುರುತಿಸುವುದು ಕಷ್ಟವಾಯಿತು. ಆಗ ಎರಡು ಹೊಸ ತೊಡಕು ಬಂದವು. ಒಂದು, ಮನೆಯ ದುಭಾಷಿ ಅವಳೇ ಆದಳು. ಗ್ಯಾಸಿನವನು, ಪ್ಲಂಬರ್, ತರಕಾರಿ ಅಂಗಡಿ ಎಲ್ಲದಕ್ಕೂ "ಕೇಳಮ್ಮ" ಎನ್ನುವುದು ನಮಗೆ ಸುಲಭ, ಅವಳಿಗೆ ಹೆಮ್ಮೆ. ಒಮ್ಮೆ ಆಸ್ಪತ್ರೆಯಲ್ಲಿ ನನ್ನ ಪರೀಕ್ಷೆಯ ವಿವರವನ್ನು ಡಾಕ್ಟರು ಅವಳ ಕಡೆ ತಿರುಗಿ ಹೇಳಲು ಶುರುಮಾಡಿದಾಗ ತಡೆದೆ. ಏಳು ವರ್ಷದ ಮಗುವಿನ ಬಾಯಿಂದ ಅಮ್ಮನ ಕಾಯಿಲೆಯ ಸುದ್ದಿ ಹೊರಡಬಾರದು. ಅಂಗಡಿಗೆ ಅವಳು, ಆಸ್ಪತ್ರೆಗೂ ಬ್ಯಾಂಕಿಗೂ ದೊಡ್ಡವರು ಎಂದು ಅಂದಿನಿಂದ ಗೆರೆ ಎಳೆದೆವು.

ಇನ್ನೊಂದು ತೊಡಕು ಗಣಿತದ ಪುಸ್ತಕದಲ್ಲಿ ಕಾದಿತ್ತು. ಲೆಕ್ಕ ಬರುತ್ತಿತ್ತು, ಲೆಕ್ಕದ ಕಥೆ ಬರುತ್ತಿರಲಿಲ್ಲ. ಇಷ್ಟು ಕಿತ್ತಳೆಯನ್ನು ಇಷ್ಟು ಜನರಿಗೆ ಸಮನಾಗಿ ಹಂಚಿದರೆ ಮಿಕ್ಕಿದ್ದೆಷ್ಟು ಎಂಬ ಮೂರು ಸಾಲಿನ ಪ್ರಶ್ನೆಯ ಮುಂದೆ ಪೆನ್ಸಿಲ್ ಕಚ್ಚುತ್ತಾ ಕೂರುತ್ತಿದ್ದಳು. ಬೀದಿಯಲ್ಲಿ ಯಾರೂ 'ಸಮನಾಗಿ ಹಂಚಿದರೆ' ಎಂದು ಕೂಗುವುದಿಲ್ಲವಲ್ಲ. ಜಿಮ್ ಕಮಿನ್ಸ್ ಎಂಬ ಶಿಕ್ಷಣತಜ್ಞ 1979ರಲ್ಲೇ ಬೀದಿಯ ಮಾತು, ಓದಿನ ಭಾಷೆ ಈ ಎರಡನ್ನು ಬೇರೆಮಾಡಿ ತೋರಿಸಿದ್ದರು. ಆಮೇಲಿನ ಅವರ ಲೆಕ್ಕದಂತೆ ವಲಸೆ ಹೋದ ಮಕ್ಕಳಿಗೆ ಆಡುಮಾತು ಎರಡು ವರ್ಷದೊಳಗೆ ಹಿಡಿತಕ್ಕೆ ಬರುತ್ತದೆ, ಓದಿನ ಭಾಷೆಯಲ್ಲಿ ಸಹಪಾಠಿಗಳ ಸಮಕ್ಕೆ ಬರಲು ಐದರಿಂದ ಏಳು ವರ್ಷ ಹಿಡಿಯುತ್ತದೆ. ಚುರುಕಾಗಿ ಮಾತಾಡುವ ಮಗುವನ್ನು ಎಲ್ಲ ಬಂತು ಎಂದು ಬಿಟ್ಟುಬಿಡುವ ಅಪಾಯ ಇಲ್ಲಿದೆ. ನಾವು ಮಾಡಿದ್ದು ಸರಳ. ಪ್ರಶ್ನೆಯನ್ನು ಅವಳು ಸ್ಪ್ಯಾನಿಷ್‌ನಲ್ಲಿ ಓದುವುದು, ಏನು ಕೇಳಿದ್ದಾರೆಂದು ಕನ್ನಡದಲ್ಲಿ ನನಗೆ ವಿವರಿಸುವುದು, ಹುಣಸೆಬೀಜ ಇಟ್ಟು ಹಂಚುವುದು, ಉತ್ತರವನ್ನು ಮತ್ತೆ ಸ್ಪ್ಯಾನಿಷ್‌ನಲ್ಲಿ ಬರೆಯುವುದು. ಹಂಚುವುದೆಂದರೇನು ಎಂದು ಒಂದು ಭಾಷೆಯಲ್ಲಿ ತಿಳಿದರೆ ಇನ್ನೊಂದರಲ್ಲಿ ಅದಕ್ಕೆ ಹೆಸರು ಕಲಿಯುವುದಷ್ಟೇ ಬಾಕಿ.

ಮನೆಯೊಳಗೆ ಕನ್ನಡವನ್ನು ನಾವು ಬಿಡದೆ ಇದ್ದದ್ದಕ್ಕೆ ಇದೂ ಒಂದು ಕಾರಣ. ಬೇಗ ಕಲಿಯಲಿ ಎಂದು ತಂದೆತಾಯಿ ಮನೆಯಲ್ಲೂ ತಮ್ಮ ಮುರುಕು ಸ್ಪ್ಯಾನಿಷ್ ಆಡುವುದನ್ನು ಕಂಡಿದ್ದೇನೆ. ಮಗುವಿಗೆ ಅದರಿಂದ ಒಳ್ಳೆಯ ಸ್ಪ್ಯಾನಿಷ್ ಸಿಗುವುದಿಲ್ಲ, ಇದ್ದ ಮನೆಮಾತೂ ಸವೆಯುತ್ತದೆ. ಮೇಲೆ ಹೇಳಿದ ವಾಂಗ್ ಫಿಲ್ಮೋರ್ ಅವರೇ 1991ರಲ್ಲಿ, ಎರಡನೆಯ ಭಾಷೆ ಕಲಿಯುವ ಭರದಲ್ಲಿ ಅಮೆರಿಕದ ವಲಸೆ ಮಕ್ಕಳು ಮನೆಮಾತು ಕಳೆದುಕೊಂಡು ಹೆತ್ತವರೊಡನೆ ಮಾತಿಲ್ಲದಂತಾಗುವುದರ ಬಗ್ಗೆ ಬರೆದರು. ನನ್ನಮ್ಮನಿಗೆ ಯಾವ ಪ್ರಬಂಧವೂ ಬೇಕಿರಲಿಲ್ಲ. "ನೋಡೇ, ಅವಳು ಯಾವ ಭಾಷೆ ಬೇಕಾದ್ರೂ ಕಲೀಲಿ. ನನ್ ಹತ್ರ ಮಾತಾಡೋಕೆ ನಿನ್ನ ಕರೀಬೇಕಾಗಬಾರದು" ಎಂದು ಫೋನಿನಲ್ಲಿ ಹೇಳಿಬಿಟ್ಟಿದ್ದರು. ಅಲ್ಲಿ ಬೆಳಗಾದರೆ ಇಲ್ಲಿ ಕತ್ತಲು. ಶಾಲೆಗೆ ಹೊರಡುವ ಮುಂಚೆ ಜಡೆ ಹಾಕಿಸಿಕೊಳ್ಳುತ್ತಾ ಅಜ್ಜಿಯ ಜೊತೆ ವಿಡಿಯೋದಲ್ಲಿ ಹರಟುವುದು ಅವಳ ಪಾಠ, ಭದ್ರಾವತಿಯ ಕನ್ನಡದಲ್ಲಿ.

2019ರ ಕೊನೆಯಲ್ಲಿ ಗ್ವಾದಲಹಾರದ ಪುಸ್ತಕಮೇಳಕ್ಕೆ ಭಾರತ ಗೌರವ ಅತಿಥಿಯಾಗಿತ್ತು. 1987ರಿಂದ ನಡೆಯುವ ಆ ಮೇಳ ಸ್ಪ್ಯಾನಿಷ್ ಜಗತ್ತಿನಲ್ಲೇ ಅತಿ ದೊಡ್ಡದು. ಅಲ್ಲಿ ಗೆಳತಿಗೆ ಇವಳು ಪುಸ್ತಕಗಳನ್ನು ತೋರಿಸುತ್ತಾ ನಡೆದಳು, ನಾನು ಹಿಂದೆ ಬ್ಯಾಗು ಹೊತ್ತು ನಡೆದೆ. ಆ ಮೇಳದಲ್ಲಿ ಕೊಂಡ ಮಕ್ಕಳ ಪುಸ್ತಕಗಳು ಮುಂದಿನ ವರ್ಷ ಊಹಿಸದ ರೀತಿಯಲ್ಲಿ ಕೆಲಸಕ್ಕೆ ಬಂದವು. 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಸರಕಾರ ಟಿವಿಯಲ್ಲಿ 'ಅಪ್ರೆಂದೆ ಎನ್ ಕಾಸಾ', ಮನೆಯಲ್ಲೇ ಕಲಿ, ಎಂಬ ಪಾಠಗಳನ್ನು ಶುರುಮಾಡಿತು. ಕೋತೊದ ಬೀದಿ ಖಾಲಿ. ಕಿವಿಗೆ ಬೀಳುವ ಸ್ಪ್ಯಾನಿಷ್‌ಗೆ ಕೊರತೆಯಿರಲಿಲ್ಲ, ದಿನಕ್ಕೆ ಗಂಟೆಗಟ್ಟಲೆ ಒಳ್ಳೆಯ, ತಿದ್ದಿದ ಸ್ಪ್ಯಾನಿಷ್. ಆದರೂ ಅವಳ ಮಾತು ನಿಂತಲ್ಲೇ ನಿಂತಿತು. ಟಿವಿಯ ಟೀಚರಿಗೆ 'ನೋ ಸೆ ವಾಲೆ' ಎಂದರೆ ಏನು ಪ್ರಯೋಜನ? ಆಗ ಉಳಿದದ್ದು ಓದು. ಪುಸ್ತಕಗಳನ್ನು ಮತ್ತೆ ಮತ್ತೆ ಓದಿ, ಕಿಟಕಿಯಲ್ಲಿ ನಿಂತು ಎದುರುಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ, ಶಾಲೆಯ ಭಾಷೆಯ ಕಡೆಗೆ ಒಂದಷ್ಟು ಸರಿದಳು.

2021ರಲ್ಲಿ ಬೆಂಗಳೂರಿಗೆ ವಾಪಸಾದೆವು. ಬೇಗ ಬಂದದ್ದು ಬೇಗ ಹೋಗುತ್ತದೆ ಎಂಬುದಕ್ಕೆ ಕಠಿಣವಾದ ಪುರಾವೆ ಇದೆ. ಎಳೆಯ ವಯಸ್ಸಿನಲ್ಲಿ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋದವರನ್ನು ದೊಡ್ಡವರಾದ ಮೇಲೆ ಕ್ರಿಸ್ತೋಫ್ ಪಾಲಿಯೆ ತಂಡದವರು ಪರೀಕ್ಷಿಸಿದಾಗ, ಅವರಿಗೆ ಕೊರಿಯನ್ ಯಾವುದು, ಬೇರೆ ಭಾಷೆ ಯಾವುದು ಎಂದು ಗುರುತಿಸಲೂ ಆಗಲಿಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನ ಅದು. ಹಾಗಾಗಿ ಇಲ್ಲಿ ಸ್ಪ್ಯಾನಿಷ್ ಟ್ಯೂಷನ್ ಹುಡುಕುವ ಮೊದಲು ಕೋತೊದ ಮೂರನೆಯ ಮನೆಯ ಆ ಹುಡುಗಿಯ ಕಡೆಯವರೊಡನೆ ಭಾನುವಾರದ ವಿಡಿಯೋ ಕರೆ ಗೊತ್ತುಮಾಡಿಕೊಂಡೆವು. ಇಬ್ಬರೂ ಲೋತೆರಿಯಾ ಆಡುತ್ತಾರೆ, ಎಲೆ ಎತ್ತುವ ಸರದಿಗೆ ಜಗಳವಾಡುತ್ತಾರೆ. ಕೆಲವು ಪದ ಜಾರಿವೆ, ಲಿಂಗ ಮತ್ತೆ ತಪ್ಪುತ್ತದೆ. ಆದರೆ ಗೆಳತಿಗೆ ಇವಳ ಮೇಲೆ ಸಿಟ್ಟು ಬಂದರೆ ಇವಳ ಸ್ಪ್ಯಾನಿಷ್ ಥಟ್ಟನೆ ಸರಿಹೋಗುತ್ತದೆ.

ಈಚೆಗೆ ಸೋದರತ್ತೆಯ ಮಗ ಕುಟುಂಬ ಸಮೇತ ಮ್ಯಾಡ್ರಿಡ್‌ಗೆ ಹೊರಟಿದ್ದಾನೆ. "ಅಕ್ಕಾ, ಮಗನಿಗೆ ಯಾವ ಆ್ಯಪ್ ಹಾಕಿಕೊಡಲಿ? ಎಷ್ಟು ದಿನಕ್ಕೆ ಬರುತ್ತೆ?" ಎಂದು ಫೋನ್ ಮಾಡಿದ್ದ. ಆ್ಯಪ್ ನೀನು ಹಾಕಿಕೋ, ಬ್ಯಾಂಕಿನಲ್ಲಿ ಬೇಕಾಗುತ್ತೆ ಎಂದೆ. ಮನೆಯಲ್ಲಿ ಕನ್ನಡ ಬಿಡಬೇಡ, ಶುರುವಿಗೆ ಅವನು ಬಾಯಿ ಬಿಡದಿದ್ದರೆ ಹೆದರಬೇಡ, ಗಡಗಡ ಮಾತಾಡೋಕೆ ಶುರುಮಾಡಿದ ಮೇಲೂ ಗಣಿತದ ಪುಸ್ತಕ ತೆಗೆದು ನೋಡ್ತಿರು ಎಂದೂ ಹೇಳಿದೆ. "ಇನ್ನೇನಾದ್ರೂ?" ಎಂದ. "ಬಾಡಿಗೆಗೆ ಮನೆ ನೋಡುವಾಗ ಅಡುಗೆಮನೆ ಆಮೇಲೆ ನೋಡು ಮಾರಾಯ. ಸಂಜೆ ಹೊತ್ತು ಹೋಗಿ, ಕೆಳಗೆ ಎಷ್ಟು ಮಕ್ಕಳು ಆಡ್ತಿದ್ದಾರೆ ಅಂತ ಎಣಿಸಿ ಬಾ. ಬೆಸ ಸಂಖ್ಯೆ ಇದ್ರೆ ಆ ಮನೇನೇ ಹಿಡಿ."